ಅಣೆಕಟ್ಟಿನ ನೀರಿನಾಚೆ ಆರು ಕೋಣೆ: ತೇಕ್ಕಡಿಯ ಲೇಕ್ ಪ್ಯಾಲೇಸ್

ದೋಣಿ ಹತ್ತಿ ಹೋಗಬೇಕು, ಕತ್ತಲಾದ ಮೇಲೆ ಅಂಗಳದಿಂದ ಆಚೆ ಕಾಲಿಡುವಂತಿಲ್ಲ, ಇರೋದೇ ಆರು ಕೋಣೆ, ಅದಕ್ಕೆ ಐದಂಕಿ ದುಡ್ಡು ಬೇರೆ. ಅಂಥಾದ್ದೇನಿದೆ ಅಲ್ಲಿ ಅಂತ ನಮ್ಮ ಬೀಗರು ಕೇಳಿದರು. ಅವರದು ಮೂಡಿಗೆರೆ ಹತ್ತಿರ ಹೋಮ್‌ಸ್ಟೇ ಇದೆ, ಹಾಗಾಗಿ ಪ್ರಶ್ನೆಯಲ್ಲಿ ಸ್ವಲ್ಪ ವ್ಯಾಪಾರವೂ ಬೆರೆತಿತ್ತು. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಅದು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ. ನಾನು ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತನಾದವನು. ನಾಲೆ, ತೂಬು, ಕೋಡಿ ಅಂತಲೇ ಸರ್ವೀಸು ಕಳೆಯಿತು. ಹಾಗಾಗಿ ಹೋಟೆಲಿನ ಹಾಸಿಗೆ ಮೆತ್ತಗಿತ್ತೋ ಇಲ್ಲವೋ ಅನ್ನುವುದಕ್ಕಿಂತ ಆ ಹೋಟೆಲು ಅಲ್ಲಿಗೆ ಹೇಗೆ ಬಂತು ಅನ್ನುವುದೇ ನನಗೆ ದೊಡ್ಡದು. ಹಾಸಿಗೆಯ ವಿಚಾರ ಬೇಕಾದವರಿಗೆ ಕೆಳಗೆಲ್ಲೋ ಬರೆದಿದ್ದೇನೆ, ಹುಡುಕಿಕೊಳ್ಳಿ.

ಕೇರಳದ ತೇಕ್ಕಡಿಯಲ್ಲಿ, ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದ ಒಳಗೆ, ಕೆರೆಯ ದಡದ ಒಂದು ಗುಡ್ಡದ ಮೇಲೆ ತಿರುವಾಂಕೂರು ಮಹಾರಾಜರ ಬೇಸಿಗೆ ಅರಮನೆ ಇತ್ತು. ಇಡಪ್ಪಾಳಯಂ ಅರಮನೆ ಅಂತ ಹಳೆಯ ಹೆಸರು. ಈಗ ಕೇರಳ ಸರ್ಕಾರದ ಪ್ರವಾಸೋದ್ಯಮ ನಿಗಮ, ಅಂದರೆ ಕೆಟಿಡಿಸಿ, ಅದನ್ನು ಲೇಕ್ ಪ್ಯಾಲೇಸ್ ಅನ್ನುವ ಹೆಸರಿನಲ್ಲಿ ಹೋಟೆಲಾಗಿ ನಡೆಸುತ್ತಿದೆ. ಮುಂದೆ ನೀರು, ಬೆನ್ನಿಗೆ ಕಾಡು. ಪ್ರವಾಸಿಗೆ ಇರುವ ದಾರಿ ನೀರಿನದೊಂದೇ.

ನಾವು ಮೈಸೂರಿನಿಂದ ಹೊರಟು ಚಾಮರಾಜನಗರ, ದಿಂಬಂ ಘಾಟಿ ಇಳಿದು ಸತ್ಯಮಂಗಲ, ಆಮೇಲೆ ದಿಂಡಿಗಲ್, ತೇನಿ ಅಂತ ಹೋದೆವು. ಗಂಟೆಗಟ್ಟಲೆ ಒಣ ಬಯಲು ನೋಡಿ ಕಣ್ಣು ಬತ್ತಿರುತ್ತದೆ, ತೇನಿ ದಾಟಿ ಕಂಬಂ ಕಣಿವೆಗೆ ಬಂದರೆ ಇದ್ದಕ್ಕಿದ್ದ ಹಾಗೆ ಭತ್ತ, ಬಾಳೆ, ತೆಂಗು, ರಸ್ತೆ ಪಕ್ಕದಲ್ಲೇ ಚಪ್ಪರದ ದ್ರಾಕ್ಷಿ. ಅಲ್ಲೊಂದು ಟೀ ಅಂಗಡಿಯಲ್ಲಿ ನಾನೂ ನಮ್ಮ ಮನೆಯವಳೂ ಮಾತಾಡುತ್ತಿದ್ದದ್ದು ಕೇಳಿಸಿಕೊಂಡು ಅಂಗಡಿಯ ಯಜಮಾನರು ಕನ್ನಡದಲ್ಲೇ ಮೈಸೂರಾ ಅಂತ ವಿಚಾರಿಸಿದರು. ಕಂಬಂ, ಬೋಡಿ ಕಡೆ ಮನೆಯೊಳಗೆ ಕನ್ನಡವನ್ನೇ ಆಡುವ ಒಕ್ಕಲಿಗರು ತಲೆಮಾರುಗಳಿಂದ ಇದ್ದಾರೆ, ಅಲ್ಲಿನವರು ಕಾಪ್ಪಿಲಿಯರ್ ಅನ್ನುತ್ತಾರೆ. ಅವರ ಗಲ್ಲಾ ಪೆಟ್ಟಿಗೆಯ ಮೇಲೆ ಮುರುಗನ್ ಪಟದ ಪಕ್ಕದಲ್ಲಿ ಮೀಸೆಯ ಒಬ್ಬ ಬಿಳಿಯನ ಪಟ, ಅದಕ್ಕೂ ಹೂವು. ನಾನು ಮುಖ ನೋಡಿದ ತಕ್ಷಣ ಗುರುತು ಹಿಡಿದೆ. ಯಜಮಾನರಿಗೆ ಖುಷಿಯಾಗಿ ಟೀ ದುಡ್ಡು ಬೇಡ ಅಂದುಬಿಟ್ಟರು.

ಕರ್ನಲ್ ಜಾನ್ ಪೆನ್ನಿಕ್ವಿಕ್. 1841ರಲ್ಲಿ ಪುಣೆಯಲ್ಲಿ ಹುಟ್ಟಿದ ಇಂಗ್ಲಿಷ್ ಇಂಜಿನಿಯರು, ಪೆರಿಯಾರ್ ನದಿಗೆ ಅಣೆಕಟ್ಟು ಕಟ್ಟಿದವನು. ಲೇಕ್ ಪ್ಯಾಲೇಸಿನ ಕಥೆ ರಾಜನಿಂದ ಶುರುವಾಗುವುದಿಲ್ಲ, ಈ ಮನುಷ್ಯನಿಂದ ಶುರುವಾಗುತ್ತದೆ.

ಪೆರಿಯಾರ್ ನದಿ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುವಂಥದ್ದು. ಘಟ್ಟದ ಆ ಕಡೆ ಮಳೆಯೋ ಮಳೆ, ಈ ಕಡೆ ಮದುರೆ, ರಾಮನಾಥಪುರದ ಸೀಮೆಯಲ್ಲಿ ಕುಡಿಯುವ ನೀರಿಗೂ ಪರದಾಟ. ನದಿಯನ್ನು ಘಟ್ಟದ ಮೇಲೇ ತಡೆದು ಪೂರ್ವಕ್ಕೆ ತಿರುಗಿಸಬಹುದು ಅನ್ನುವ ಯೋಚನೆ ರಾಮನಾಥಪುರದ ದಿವಾನ ಮುತ್ತು ಇರುಳಪ್ಪ ಪಿಳ್ಳೆಗೆ 18ನೇ ಶತಮಾನದ ಕೊನೆಯಲ್ಲೇ ಬಂದಿತ್ತು, ದುಡ್ಡಿರಲಿಲ್ಲ. ಬ್ರಿಟಿಷರು ಸರ್ವೆ ಮಾಡೋದು, ಕೈಬಿಡೋದು, ಮತ್ತೆ ಮಾಡೋದು ಅಂತ ದಶಕಗಳು ಕಳೆದವು. ಆಮೇಲೆ 1876-78ರ ಬರ ಬಂತು. ನಮ್ಮ ಹಿರಿಯರು ಧಾತು ಈಶ್ವರ ಬರ ಅಂತ ಹೇಳುತ್ತಿದ್ದರಲ್ಲ, ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನರನ್ನು ನುಂಗಿ ಹಾಕಿದ್ದು, ಅದೇ ಬರ. ಮದ್ರಾಸ್ ಸರ್ಕಾರಕ್ಕೆ ಆಗ ಬಿಸಿ ಮುಟ್ಟಿತು.

ಜಾಗ ತಿರುವಾಂಕೂರಿನದು. 1886ರ ಅಕ್ಟೋಬರ್ 29ರಂದು ಗುತ್ತಿಗೆ ಪತ್ರ ಆಯಿತು: 8,000 ಎಕರೆ, ಎಕರೆಗೆ ವರ್ಷಕ್ಕೆ 5 ರೂಪಾಯಿ, ಅವಧಿ 999 ವರ್ಷ. ಇಲಾಖೆಯಲ್ಲಿ ಬೇಕಾದಷ್ಟು ಗುತ್ತಿಗೆ ಕಡತ ನೋಡಿದ್ದೇನೆ, ಇಂಥ ಅವಧಿಯದು ಒಂದೂ ನೋಡಿಲ್ಲ. ಎದೆಯ ರಕ್ತದಲ್ಲಿ ಸಹಿ ಹಾಕುತ್ತಿದ್ದೇನೆ ಅಂತ ತಿರುವಾಂಕೂರಿನ ಮಹಾರಾಜರು ನೊಂದು ಹೇಳಿದರಂತೆ ಅನ್ನುವ ಮಾತು ಕೇರಳದಲ್ಲಿ ಇವತ್ತಿಗೂ ಓಡಾಡುತ್ತದೆ.

ಕೆಲಸ ಶುರುವಾದದ್ದು 1887ರಲ್ಲಿ. ರಸ್ತೆಯಿಲ್ಲದ ದಟ್ಟ ಕಾಡು. ಮಳೆಗಾಲದಲ್ಲಿ ಪ್ರವಾಹ ಕಟ್ಟಿದ್ದನ್ನು ಕೊಚ್ಚಿಕೊಂಡು ಹೋಗೋದು, ಬೇಸಿಗೆಯಲ್ಲಿ ಮಲೇರಿಯಾ ಬಂದು ಕೂಲಿಗಳು ಸಾಯೋದು. ನೂರಾರು ಜನ ಜ್ವರಕ್ಕೇ ಹೋದರು. ಸರ್ಕಾರ ಹಣ ನಿಲ್ಲಿಸಿದಾಗ ಪೆನ್ನಿಕ್ವಿಕ್ ಇಂಗ್ಲೆಂಡಿನಲ್ಲಿದ್ದ ತನ್ನ ಆಸ್ತಿ ಮಾರಿ ಕಟ್ಟೆ ಮುಗಿಸಿದ ಅಂತ ಕಂಬಂ ಕಣಿವೆಯ ಮಕ್ಕಳೂ ಹೇಳುತ್ತಾರೆ. ದಾಖಲೆ ಕೆದಕಿದವರು ಅದಕ್ಕೆ ಆಧಾರ ಇಲ್ಲ ಅನ್ನುತ್ತಾರೆ. ಟೀ ಅಂಗಡಿಯವರ ಹತ್ತಿರ ನಾನು ಆ ತಕರಾರು ಎತ್ತಲಿಲ್ಲ. ಅವರ ದ್ರಾಕ್ಷಿ ತೋಟಕ್ಕೆ ನೀರು ಬರುತ್ತಿರುವುದಂತೂ ಸುಳ್ಳಲ್ಲ.

1895ರ ಅಕ್ಟೋಬರಿನಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಉದ್ಘಾಟನೆಯಾಯಿತು. ಎತ್ತರ 176 ಅಡಿ, ಉದ್ದ ಸುಮಾರು 1,200 ಅಡಿ. ಕಲ್ಲು, ಸುಣ್ಣ, ಸುರ್ಕಿ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದ ಜೊತೆ ಅರೆದು ಮಾಡುವ ಗಾರೆ ಅದು, ನಮ್ಮ ಕನ್ನಂಬಾಡಿ ಕಟ್ಟೆಗೂ ಅದನ್ನೇ ಹಾಕಿರುವುದು. ಕನ್ನಂಬಾಡಿಗೆ ಅಡಿಪಾಯ ತೆಗೆಯುವ ಹೊತ್ತಿಗೆ ಇದು ಕಟ್ಟಿ ಹದಿನಾರು ವರ್ಷ ಆಗಿತ್ತು. ನೀರು ಹಿಡಿಯುವ ಲೆಕ್ಕದಲ್ಲಿ ಮಾತ್ರ ಚಿಕ್ಕದು: ತುಂಬಾ ತುಂಬಿದರೆ ಹದಿನೈದೂವರೆ ಟಿಎಂಸಿ ಚಿಲ್ಲರೆ, ಕನ್ನಂಬಾಡಿಯ ಮೂರರಲ್ಲಿ ಒಂದು ಪಾಲೂ ಇಲ್ಲ. ಕೆಲಸದ ಚಮತ್ಕಾರ ಬೇರೆ ಇದೆ. ಕಟ್ಟೆ ಇರೋದು ಒಂದು ಕಡೆ, ನೀರು ಹೊರಗೆ ಹೋಗೋದು ಇನ್ನೊಂದು ಕಡೆ. ಹಿನ್ನೀರು ಕಣಿವೆಯಲ್ಲಿ ಏರಿಕೊಂಡು ತೇಕ್ಕಡಿಯ ತನಕ ಬರುತ್ತದೆ, ಅಲ್ಲಿ ಘಟ್ಟದ ದಿಣ್ಣೆಯಲ್ಲಿ ಕಾಲುವೆ ಕಡಿದು, ಸುಮಾರು ಒಂದು ಮೈಲಿ ಸುರಂಗ ಕೊರೆದು ನೀರನ್ನು ತಮಿಳುನಾಡಿನ ಕಡೆ ಬೀಳಿಸಿದ್ದಾರೆ. ಪಶ್ಚಿಮಕ್ಕೆ ಹೋಗಬೇಕಾದ ನದಿ ವೈಗೈ ಸೇರುತ್ತದೆ. ಸುರಂಗದ ಬಾಯಿ 104 ಅಡಿಯ ಮಟ್ಟದಲ್ಲಿದೆ, ಅದಕ್ಕಿಂತ ಕೆಳಗಿನ ನೀರು ತಮಿಳುನಾಡಿಗೆ ದಕ್ಕದು. ಅಂದರೆ ಎಂಥ ಬರಗಾಲದಲ್ಲೂ ಕೆರೆ ಪೂರ್ತಿ ಬತ್ತುವುದಿಲ್ಲ. ಕಾಡುಪ್ರಾಣಿಗಳ ಅದೃಷ್ಟ ಇರೋದು ಈ 104ರಲ್ಲಿ.

ಕಂಬಂನಿಂದ ಘಾಟಿ ಹತ್ತುವಾಗ ಬೆಟ್ಟದಿಂದ ಇಳಿದು ಬರುವ ದಪ್ಪ ಪೈಪುಗಳು ಕಾಣುತ್ತವೆ, ಕೆಳಗೆ ಲೋಯರ್ ಕ್ಯಾಂಪಿನ ವಿದ್ಯುತ್ ಮನೆ. ಕೃಷಿಗೆ ಅಂತ ಕೊಟ್ಟ ನೀರಿನಲ್ಲಿ ಕರೆಂಟು ತೆಗೆಯಬಹುದೇ ಅಂತ ತಿರುವಾಂಕೂರು ಜಗಳ ತೆಗೆದು, 1941ರಲ್ಲಿ ತೀರ್ಪು ತಿರುವಾಂಕೂರಿನ ಕಡೆಗೇ ಬಂದಿತ್ತು. ಆದರೂ ಕೊನೆಗೆ ಕರೆಂಟು ಬಂತು, 1970ರ ಹೊಸ ಒಪ್ಪಂದ ಅದನ್ನು ಸಕ್ರಮ ಮಾಡಿ ಬಾಡಿಗೆಯನ್ನು ಎಕರೆಗೆ 30 ರೂಪಾಯಿಗೆ ಏರಿಸಿತು. ಲೋಯರ್ ಕ್ಯಾಂಪಿನಲ್ಲೇ ಪೆನ್ನಿಕ್ವಿಕ್ ಸ್ಮಾರಕ ಇದೆ, ಇಳಿದು ಹತ್ತು ನಿಮಿಷ ನೋಡಿ.

ಕುಮಳಿ ಪೇಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಡಿ ಊರು, ಜನ, ಹಾರನ್ನು. ಶಬರಿಮಲೆ ಸೀಸನ್ನಿನಲ್ಲಿ ನಮ್ಮ ಕೆಎ ಗಾಡಿಗಳೇ ಸಾಲುಗಟ್ಟಿ ನಿಂತಿರುತ್ತವೆ. ಏಲಕ್ಕಿ ತರಬೇಕು ಅಂತಿದ್ದರೆ ಒಂದು ಎಚ್ಚರಿಕೆ. ಹೆಸರು ಬೇಡ, ಒಂದು ದೊಡ್ಡ ಮಸಾಲೆ ಅಂಗಡಿಯಲ್ಲಿ ಗಿಣಿಹಸಿರು ಏಲಕ್ಕಿಯನ್ನು ಎಂಟು ಎಂಎಂ, ಮೊದಲ ದರ್ಜೆ ಅಂತ ಸುರಿದರು. ನಮ್ಮ ಮನೆಯವಳ ತವರು ಸಕಲೇಶಪುರ. ಏನೂ ಮಾತಾಡದೆ ಕರ್ಚೀಫಿನ ತುದಿಯನ್ನು ಬಾಟಲಿ ನೀರಿಗೆ ಅದ್ದಿ ಎರಡು ಕಾಯಿಯನ್ನು ಹಿಸುಕಿ ಉಜ್ಜಿದಳು. ಬಟ್ಟೆಗೆ ಹಸಿರು ಹತ್ತಿತು. ಅಂಗಡಿಯವನು ಅವಳ ಮುಖ ನೋಡಿದ, ಅವಳು ಕರ್ಚೀಫನ್ನು ಅವನ ತಕ್ಕಡಿಯ ಮೇಲೆ ಇಟ್ಟು ಬಂದಳು. ಆಮೇಲೆ ಇನ್ನೊಂದು ಸಣ್ಣ ಅಂಗಡಿಯಲ್ಲಿ ಸ್ವಲ್ಪ ಮಾಸಲು ಬಣ್ಣದ್ದು, ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು ಬರುವಂಥದ್ದು ಸಿಕ್ಕಿತು.

ಕುಮಳಿ ದಾಟಿದರೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟು. ಬರೀ ಬೋಟಿಂಗಿಗೆ ಬರುವವರು ಆನವಚ್ಚಾಲಿನಲ್ಲಿ ಗಾಡಿ ನಿಲ್ಲಿಸಿ ಇಲಾಖೆಯ ಬಸ್ಸಿನಲ್ಲಿ ಒಳಗೆ ಹೋಗಬೇಕು. ನಮ್ಮ ಬುಕಿಂಗ್ ಚೀಟಿ ನೋಡಿ ಕಾರನ್ನು ಬಿಟ್ಟರು, ಚೀಟಿಯ ಪ್ರಿಂಟು ಕೈಯಲ್ಲಿರಲಿ. ದೋಣಿಗಟ್ಟೆಯ ಹತ್ತಿರವೇ ಕೆಟಿಡಿಸಿಯದೇ ಇನ್ನೊಂದು ಹೋಟೆಲು ಅರಣ್ಯ ನಿವಾಸ್ ಇದೆ, ಕಾರನ್ನು ಅಲ್ಲಿ ಬಿಟ್ಟು ಕೆಳಗಿಳಿದೆವು. ಸಂಜೆಯ ಕೊನೆ ದೋಣಿ ತಪ್ಪಿಸಿಕೊಂಡರೆ ಆ ರಾತ್ರಿ ಅರಮನೆ ಇಲ್ಲ, ಎಷ್ಟೇ ದುಡ್ಡು ಕಟ್ಟಿದ್ದರೂ ಅಷ್ಟೇ. ಆದ್ದರಿಂದ ಕಂಬಂನಲ್ಲಿ ಊಟಕ್ಕೆ ಕೂತು ಕಾಲ ಕಳೆಯಬೇಡಿ.

ದೋಣಿ ದಡ ಬಿಟ್ಟ ಮೇಲೆ ಮೊದಲು ಕಾಣುವುದು ಮರಗಳು. ನೀರಿನ ನಡುವೆ ನೆಟ್ಟಗೆ ನಿಂತಿರುವ ಸತ್ತ ಮರಗಳು. 1895ರಲ್ಲಿ ನೀರು ಏರಿದಾಗ ಮುಳುಗಿದ ಕಾಡಿನ ಬೊಡ್ಡೆಗಳು, ಇನ್ನೂ ನಿಂತಿವೆ. ಗಾಳಿ ಸಿಗದ ಕಡೆ ಮರ ಬೇಗ ಕೊಳೆಯುವುದಿಲ್ಲ, ನೀರಿನೊಳಗಿನ ಭಾಗ ಗಟ್ಟಿಯಾಗಿಯೇ ಇರುತ್ತದೆ. ಮೇಲಿನದು ಮಾತ್ರ ಬಿಸಿಲಿಗೆ ಮಳೆಗೆ ಸವೆದು ಬೂದಿ ಬಣ್ಣಕ್ಕೆ ತಿರುಗಿದೆ. ದೋಣಿಯವರು ಒಂದು ಬೊಡ್ಡೆಯ ತೀರಾ ಹತ್ತಿರ ಹೋದರು. ತುದಿ ಪೊಟರೆಯಾಗಿ ಅದರೊಳಗೆ ಹಿಡಿ ಮಣ್ಣು ಸೇರಿ ಪುಟ್ಟ ಹುಲ್ಲು ಬೆಳೆದಿದೆ, ಪಕ್ಕದ ಕೊಂಬೆಯಲ್ಲಿ ನೀರುಕಾಗೆ ಕಡ್ಡಿ ಜೋಡಿಸಿ ಗೂಡು ಕಟ್ಟಿದೆ, ಬೊಡ್ಡೆಗೆ ಉದ್ದಕ್ಕೂ ಸುಣ್ಣ ಬಳಿದ ಹಾಗೆ ಹಿಕ್ಕೆ ಇಳಿದಿದೆ. ಇನ್ನೂ ಮೇಲೆ ಹಾವಕ್ಕಿಯೊಂದು ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಾ ಕೂತಿತ್ತು. ನಾವು ಹೋದದ್ದಕ್ಕೆ ಕತ್ತು ಕೂಡ ತಿರುಗಿಸಲಿಲ್ಲ.

ನೀವು ಯಾವ ಕಡೆಯವರು ಅಂತ ದೋಣಿಯವರು ತಮಿಳಿನಲ್ಲಿ ಕೇಳಿದರು. ಮುಲ್ಲಪೆರಿಯಾರ್ ವಿಷಯದಲ್ಲಿ ಇಲ್ಲಿ ಎರಡು ಕಡೆ ಇದೆ: ಕಟ್ಟೆ ಹಳೆಯದು, ಕೆಳಗೆ ಲಕ್ಷಾಂತರ ಜನ ಇದ್ದಾರೆ ಅನ್ನುವ ಕೇರಳ, ನೀರಿಲ್ಲದೆ ಐದು ಜಿಲ್ಲೆ ಬದುಕುವುದು ಹೇಗೆ ಅನ್ನುವ ತಮಿಳುನಾಡು. ನಾವು ಕರ್ನಾಟಕ ಅಂದೆ. ಅವರು ಜೋರಾಗಿ ನಕ್ಕು, ಹಾಗಾದರೆ ನಿಮ್ಮದು ಬೇರೆ ಜಗಳ ಬಿಡಿ ಅಂದರು. 1979ರಲ್ಲಿ ಗುಜರಾತಿನ ಮೋರ್ಬಿಯ ಮಚ್ಚು ಅಣೆಕಟ್ಟು ಒಡೆದ ವರ್ಷ ಇಲ್ಲೂ ಭಯ ಹುಟ್ಟಿ ನೀರನ್ನು 136 ಅಡಿಗೆ ಇಳಿಸಿದರು. ಕಟ್ಟೆಗೆ ಕಾಂಕ್ರೀಟಿನ ಬೆನ್ನಾಸರೆ, ಉಕ್ಕಿನ ಕೇಬಲ್ಲಿನ ಆಧಾರ ಎಲ್ಲಾ ಕೊಟ್ಟ ಮೇಲೆ ಸುಪ್ರೀಂ ಕೋರ್ಟು 2006ರಲ್ಲಿ, ಮತ್ತೆ 2014ರಲ್ಲಿ, 142 ಅಡಿ ತನಕ ಬಿಡಬಹುದು ಅಂತು. 2014ರ ನವೆಂಬರಿನಲ್ಲಿ ನೀರು ಅಲ್ಲಿಗೆ ಮುಟ್ಟಿತು, ಮೂವತ್ತೈದು ವರ್ಷದ ನಂತರ. ಕಟ್ಟೆಯನ್ನು ನೋಡಲು ನನಗೂ ಆಸೆ ಇತ್ತು, ಆದರೆ ಅದು ಒಳಗೆ ದೂರ, ಅನುಮತಿ ಇಲ್ಲದೆ ಯಾರನ್ನೂ ಬಿಡುವುದಿಲ್ಲ. ಬಿಡದಿರುವುದೇ ಸರಿ. ನಾನು ಸರ್ವೀಸಿನಲ್ಲಿದ್ದಾಗಲೂ ಕಟ್ಟೆಯೊಳಗಿನ ಗ್ಯಾಲರಿ ತೋರಿಸಿ ಸಾರ್ ಅಂತ ಬರುವವರನ್ನು ವಾಪಸು ಕಳಿಸುತ್ತಿದ್ದೆ.

ಅರಮನೆಯ ಕಟ್ಟೆಗೆ ದೋಣಿ ತಾಗಿದ ಮೇಲೆ ಮೆಟ್ಟಿಲು ಹತ್ತಬೇಕು. ಮಂಡಿನೋವಿನವರು ಗಮನಿಸಿ: ಕೆರೆಯಲ್ಲಿ ನೀರು ಕೆಳಗಿದ್ದಷ್ಟೂ ನೀವು ಹತ್ತಬೇಕಾದ್ದು ಜಾಸ್ತಿ.

ಅರಮನೆ ಅಂದ ತಕ್ಷಣ ಮೈಸೂರಿನವರ ತಲೆಯಲ್ಲಿ ಬರುವ ಚಿತ್ರವನ್ನು ದೋಣಿಯಲ್ಲೇ ಬಿಟ್ಟು ಬನ್ನಿ. ಇದು ಹೆಂಚು ಹೊದಿಸಿದ, ಉದ್ದ ಜಗಲಿಯ ಒಂದು ಬಂಗಲೆ. ಇದಕ್ಕೆ ಬರುತ್ತಿದ್ದವರು ಶ್ರೀ ಚಿತ್ತಿರ ತಿರುನಾಳ್ ಬಲರಾಮ ವರ್ಮ, ತಿರುವಾಂಕೂರಿನ ಕೊನೆಯ ಮಹಾರಾಜರು. 1936ರಲ್ಲಿ ದೇವಸ್ಥಾನದ ಬಾಗಿಲನ್ನು ಎಲ್ಲ ಜಾತಿಯ ಹಿಂದೂಗಳಿಗೂ ತೆರೆಸಿದವರು ಇವರೇ. ಕಾಡಿನ ವಿಷಯದಲ್ಲಿ ಅದಕ್ಕಿಂತ ಎರಡು ವರ್ಷ ಮೊದಲೇ ಇನ್ನೊಂದು ಕೆಲಸ ಮಾಡಿದ್ದರು. ಕೆರೆ ಹೂಳು ತುಂಬಬಾರದು ಅಂದರೆ ಸುತ್ತಲ ಕಾಡು ಉಳಿಯಬೇಕು, ಹಾಗಾಗಿ 1899ರಲ್ಲೇ ಕೆರೆಯ ಸುತ್ತ ಮೀಸಲು ಅರಣ್ಯ ಆಗಿತ್ತು. ರಾಬಿನ್ಸನ್ ಅನ್ನುವವರನ್ನು ಗೇಮ್ ವಾರ್ಡನ್, ಅಂದರೆ ಕಾಡುಪ್ರಾಣಿಗಳ ಮೇಲ್ವಿಚಾರಕ, ಮಾಡಿ, 1934ರಲ್ಲಿ ನೆಲ್ಲಿಕ್ಕಾಂಪಟ್ಟಿ ಅಭಯಾರಣ್ಯ ಅಂತ ಘೋಷಿಸಿದ್ದು ಈ ಮಹಾರಾಜರ ಕಾಲದಲ್ಲಿ. ಅದೇ 1950ರಲ್ಲಿ ಪೆರಿಯಾರ್ ಅಭಯಾರಣ್ಯವಾಗಿ, 1978ರಲ್ಲಿ ಹುಲಿ ಯೋಜನೆಗೆ ಸೇರಿ, ಈಗ 925 ಚದರ ಕಿಲೋಮೀಟರಿನ ಹುಲಿ ಕಾಡಾಗಿದೆ. ಪಶ್ಚಿಮದ ಅಂಚಿನಲ್ಲಿ ಶಬರಿಮಲೆಯೂ ಇದರೊಳಗೇ.

ಈ ಸರಪಣಿ ನನಗೆ ಬಹಳ ಹಿಡಿಸಿತು. ಅಣೆಕಟ್ಟು ಕಟ್ಟಿದವರಿಗೆ ಆನೆ ಹುಲಿ ಬೇಕಿರಲಿಲ್ಲ, ಮದುರೆಗೆ ನೀರು ಬೇಕಿತ್ತು. 26 ಚದರ ಕಿಲೋಮೀಟರು ಕಾಡನ್ನು ಮುಳುಗಿಸಿದರು. ಆ ಕೆರೆ ಉಳಿಸುವ ನೆಪದಲ್ಲಿ ಅದರ ಎಷ್ಟೋ ಪಟ್ಟು ಕಾಡು ಉಳಿಯಿತು, ಸುತ್ತಮುತ್ತಲ ಘಟ್ಟವೆಲ್ಲ ಏಲಕ್ಕಿ, ಟೀ ತೋಟವಾಗಿ ಹೋದರೂ ಇದು ಹೋಗಲಿಲ್ಲ. ನಮ್ಮ ಕಬಿನಿಯಲ್ಲೂ ನಡೆದದ್ದು ಇಂಥದ್ದೇ. ಬೀಚನಹಳ್ಳಿ ಕಟ್ಟೆ ಕಾಕನಕೋಟೆಯ ಖೆಡ್ಡಾ ಕಾಡನ್ನು ಮುಳುಗಿಸಿತು, ಈಗ ಬೇಸಿಗೆಯಲ್ಲಿ ಆನೆಗಳು ಬರುವುದು ಅದೇ ಹಿನ್ನೀರಿಗೆ, ಕಾರಾಪುರದಲ್ಲಿ ಮೈಸೂರು ಮಹಾರಾಜರ ಬೇಟೆ ಬಂಗಲೆ ಇದ್ದ ಕಡೆ ಜಂಗಲ್ ಲಾಡ್ಜಸ್‌ನವರ ವಸತಿ. ವ್ಯತ್ಯಾಸ ಇಷ್ಟೇ: ಕಾರಾಪುರಕ್ಕೆ ರಸ್ತೆ ಇದೆ, ಆ ರಸ್ತೆಯ ಹಿಂದೆ ಹತ್ತಾರು ರೆಸಾರ್ಟುಗಳೂ ಬಂದವು. ಇಡಪ್ಪಾಳಯಕ್ಕೆ ರಸ್ತೆ ಬರಲಿಲ್ಲ. 1949ರಲ್ಲಿ ತಿರುವಾಂಕೂರು-ಕೊಚ್ಚಿ ಒಂದಾದವು, ಮಹಾರಾಜರು ನಮ್ಮ ಜಯಚಾಮರಾಜ ಒಡೆಯರ ಹಾಗೆ ರಾಜಪ್ರಮುಖರಾದರು, ಅಂದರೆ ರಾಜ್ಯಪಾಲರ ಸ್ಥಾನ, 1956ಕ್ಕೆ ಅದೂ ಮುಗಿಯಿತು. ಬಂಗಲೆ ಸರ್ಕಾರಿ ಹೋಟೆಲಾಯಿತು. ಅಷ್ಟೆಲ್ಲಾ ಆದರೂ ಕೋಣೆ ಆರೇ. ಸರ್ಕಾರದ ಹೋಟೆಲಿಗೆ ಒಂದು ಬ್ಲಾಕು ಕಟ್ಟಿ ವಿಸ್ತರಿಸುವ ಚಟ ಹತ್ತದೆ ಇದ್ದದ್ದು ನನಗಂತೂ ಪವಾಡ.

ಸರಿ, ಹಾಸಿಗೆ. ಗಟ್ಟಿಮರದ ಹಳೇ ಕಾಲದ ಮಂಚ, ಮೇಲೆ ಎತ್ತರದ ಮಾಡು, ಕಿಟಕಿ ತೆರೆದರೆ ಕೆರೆ. ಚೊಕ್ಕಟ. ಈಜುಕೊಳ, ಸ್ಪಾ, ಮಕ್ಕಳ ಆಟದ ಕೋಣೆ ಬೇಕಾದವರಿಗೆ ಕುಮಳಿಯಲ್ಲೇ ಬೇಕಾದಷ್ಟು ರೆಸಾರ್ಟ್ ಇವೆ, ಇಲ್ಲಿಗೆ ಬಂದು ಗೊಣಗಬೇಡಿ. ಊಟ ತಿಂಡಿ, ದೋಣಿ ಎಲ್ಲಾ ಬಾಡಿಗೆಯಲ್ಲೇ ಸೇರಿದೆ, ಬೇರೆ ಹೋಟೆಲು ಹುಡುಕಿಕೊಂಡು ಹೋಗಲು ಜಾಗವಾದರೂ ಎಲ್ಲಿದೆ. ನಾವು ಸಸ್ಯಾಹಾರ ಅಂತ ಮೊದಲೇ ತಿಳಿಸಿದ್ದೆವು. ಅವಿಯಲ್, ಓಲನ್, ಬೆಳಿಗ್ಗೆ ಪುಟ್ಟು ಕಡಲೆ, ಎಲ್ಲಾ ತೆಂಗಿನೆಣ್ಣೆಯಲ್ಲಿ, ಬಡಿಸುವವರು ಮನೆಯವರ ಹಾಗೆ ಇನ್ನೊಂದು ಹಾಕಿಸಿಕೊಳ್ಳಿ ಅಂತ ನಿಲ್ಲುತ್ತಾರೆ. ಕಾಫಿ ವಿಷಯದಲ್ಲಿ ನಮ್ಮವಳು ಯಾರನ್ನೂ ನಂಬುವುದಿಲ್ಲ, ಫ್ಲಾಸ್ಕಿನಲ್ಲಿ ಡಿಕಾಕ್ಷನ್ ತಂದಿದ್ದಳು, ಅಡುಗೆಮನೆಯಲ್ಲಿ ಹಾಲು ಬಿಸಿ ಮಾಡಿಸಿಕೊಂಡಳು, ಅಡುಗೆಯವರಿಗೂ ಒಂದು ಲೋಟ ಕೊಟ್ಟಳು.

ದುಡ್ಡು ವಸೂಲಾಗುವುದು ಜಗಲಿಯಲ್ಲಿ. ಹಗಲೆಲ್ಲಾ ದೊಡ್ಡ ದೊಡ್ಡ ಪ್ರವಾಸಿ ದೋಣಿಗಳು ಕೆರೆಯ ತುಂಬಾ ಓಡಾಡುತ್ತವೆ, ಒಂದೊಂದರಲ್ಲೂ ಕೂಗು, ಕೇಕೆ, ಮೊಬೈಲು. ಸಂಜೆಯ ಕೊನೆ ದೋಣಿ ವಾಪಸು ಹೋಗಿ ಅದರ ಅಲೆ ದಡಕ್ಕೆ ಬಡಿದು ಮುಗಿಯುತ್ತಲ್ಲ, ಅಲ್ಲಿಂದ ಮುಂದಿನ ಒಂದು ಗಂಟೆಗೆ ನೀವು ದುಡ್ಡು ಕೊಟ್ಟಿರುವುದು. ಮೊದಲು ಎದುರು ದಡಕ್ಕೆ ಕಡವೆಗಳು ಇಳಿದವು. ಸ್ವಲ್ಪ ಹೊತ್ತಿಗೆ ಕಾಡಿನ ಅಂಚಿನಿಂದ ಒಂದು ಹೆಣ್ಣಾನೆ ಹೊರಗೆ ಬಂತು, ನಿಂತು ಸೊಂಡಿಲೆತ್ತಿ ಗಾಳಿ ಹಿಡಿಯಿತು, ಆಮೇಲೆ ಹಿಂದಿದ್ದ ಗುಂಪೆಲ್ಲಾ ಬಂತು, ನಡುವೆ ತಾಯಿಯ ಹೊಟ್ಟೆ ಕೆಳಗೆ ನುಸುಳುವ ಒಂದು ಮರಿ. ನೀರಿಗೂ ಹುಲ್ಲಿಗೂ ನಡುವೆ ಕೆಂಪು ಮಣ್ಣಿನ ಪಟ್ಟೆ ಪಟ್ಟೆ ಗುರುತು ಇತ್ತು, ನೀರು ಇಳಿಯುತ್ತಾ ಇಳಿಯುತ್ತಾ ಬಿಟ್ಟು ಹೋದ ಗೆರೆಗಳು. ಇತ್ತೀಚೆಗೆ ಎಷ್ಟು ವೇಗದಲ್ಲಿ ನೀರು ಬಿಟ್ಟಿದ್ದಾರೆ ಅಂತ ಆ ಗೆರೆಗಳ ಅಂತರದಲ್ಲೇ ಲೆಕ್ಕ ಹಾಕಬಹುದು. ನಾನು ಅದನ್ನೇ ಮಾಡುತ್ತಿದ್ದೆ.

"ರೀ, ಆನೆ ನೋಡ್ರೀ ಅಂದ್ರೆ ಮಣ್ಣು ನೋಡ್ತಾ ಕೂತಿದೀರಲ್ಲ!"

"ಆ ಮಣ್ಣಿಗೇ ಕಣೇ ಆನೆ ಬಂದಿರೋದು. ನೀರು ಇಳಿದ ಕಡೆ ಹೊಸ ಹುಲ್ಲು ಬರುತ್ತೆ."

"ಆಯ್ತು, ಈಗ ಬಾಯಿ ಮುಚ್ಚಿ. ಮರಿ ನೀರಿಗಿಳೀತಿದೆ."

ಮುಚ್ಚಿದೆ. ಮರಿ ನೀರಿಗಿಳಿಯಿತು.

ಬಂಗಲೆಯ ಸುತ್ತ ಆನೆ ದಾಟದ ಹಾಗೆ ಕಂದಕ ತೋಡಿದ್ದಾರೆ, ಕತ್ತಲಾದ ಮೇಲೆ ಅದರೊಳಗಿನ ಅಂಗಳವೇ ನಮ್ಮ ಪ್ರಪಂಚ. ಹುಲಿ ಕಾಣುತ್ತಾ ಅಂತ ಕೇಳಬೇಡಿ. ಈ ಕಾಡಿನಲ್ಲಿ ಹುಲಿ ಕಾಣುವುದು ಬಲು ಅಪರೂಪ, ದಟ್ಟ ಮಳೆಕಾಡು, ಬಂಡೀಪುರದ ಬಯಲಲ್ಲ. ರಾತ್ರಿ ಯಾವಾಗಲೋ ಕಡವೆ ಬೆದರಿ ಕೂಗಿದ್ದು ಕೇಳಿ ಎದ್ದು ಕೂತೆವು, ಯಾತಕ್ಕೆ ಕೂಗಿತೋ ಅದಕ್ಕೇ ಗೊತ್ತು. ಬೆಳಿಗ್ಗೆ ಕಾವಲಿನವರ ಜೊತೆ ಸ್ವಲ್ಪ ದೂರ ನಡೆದೆವು. ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾರಿದರೆ ರೆಕ್ಕೆಯ ಸದ್ದೇ ಭಯ ಹುಟ್ಟಿಸುತ್ತದೆ. ಕರಿ ಮುಸುವಗಳು, ದಡದಲ್ಲಿ ಮೀನು ಕಚ್ಚಿಕೊಂಡು ಓಡುವ ನೀರುನಾಯಿಗಳು. ಇಂಬಳ ವಿಪರೀತ, ಮಂಡಿ ತನಕದ ದಪ್ಪ ಬಟ್ಟೆಯ ಕಾಲುಚೀಲ ಹಾಕಿಸುತ್ತಾರೆ, ಹಾಕಿಕೊಳ್ಳಿ. ಮಲೆನಾಡಿನವಳು ಅನ್ನುವ ಜಂಬದಲ್ಲಿ ನಮ್ಮವಳು ಹಾಕಿಕೊಳ್ಳಲಿಲ್ಲ, ಆಮೇಲಿನ ಕಥೆ ಬರೆಯಲು ಅವಳ ಒಪ್ಪಿಗೆ ಇಲ್ಲ. ಇಲ್ಲಿ ಪ್ರವಾಸಿಗರನ್ನು ಕಾಡಿಗೆ ಕರೆದೊಯ್ಯುವವರಲ್ಲಿ ಕಾಡುದಾಲ್ಚಿನ್ನಿ ತೊಗಟೆ ಕಳ್ಳಸಾಗಣೆ ಬಿಟ್ಟು ಬಂದವರ ಗುಂಪೊಂದು ಇದೆ. 1990ರ ದಶಕದ ಕೊನೆಯಲ್ಲಿ ಅರಣ್ಯ ಇಲಾಖೆ ಕೇಸು ಬಿಟ್ಟು ಅವರನ್ನೇ ಕಾಡು ಕಾಯಲು, ದಾರಿ ತೋರಿಸಲು ಹಾಕಿಕೊಂಡಿತು. ಮನ್ನಾನ್, ಪಳಿಯನ್ ಬುಡಕಟ್ಟಿನವರೂ ಈ ಕೆಲಸದಲ್ಲಿದ್ದಾರೆ, ಒಂದು ಕಾಲಕ್ಕೆ ಈ ಕಾಡು ಅವರದೇ ಆಗಿತ್ತು.

ದೋಣಿಯ ವಿಷಯ ಬರೆಯುವಾಗ ಒಂದನ್ನು ಬಿಡಲಾಗದು. 2009ರ ಸೆಪ್ಟೆಂಬರ್ 30ರಂದು ಇದೇ ಕೆರೆಯಲ್ಲಿ ಜಲಕನ್ಯಕ ಅನ್ನುವ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ದಡದಲ್ಲಿ ಪ್ರಾಣಿ ಕಂಡ ತಕ್ಷಣ ಎಲ್ಲರೂ ಒಂದೇ ಬದಿಗೆ ನುಗ್ಗಿದರು ಅಂತ ಆಗ ವರದಿಯಾಗಿತ್ತು. ಮೇಲೆ ಭಾರ ಇರುವ ದೋಣಿಯಲ್ಲಿ ಎಲ್ಲರೂ ಒಂದು ಬದಿಗೆ ಬಂದರೆ ತೂಕದ ಬಿಂದು ಸರಿದು ಅದು ತಾನಾಗಿ ನೆಟ್ಟಗಾಗುವ ಶಕ್ತಿ ಕಳೆದುಕೊಳ್ಳುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಈಗ ಲೈಫ್ ಜಾಕೆಟ್ ಕಡ್ಡಾಯ, ಎದ್ದು ನಿಂತರೆ ಬೈಸಿಕೊಳ್ಳಬೇಕು. ಬೈಸಿಕೊಂಡವರು ಸಿಟ್ಟಾಗುವುದನ್ನು ನೋಡಿದೆ. ಜಾಕೆಟ್ ಸೆಖೆ ಅಂತ ಬಿಚ್ಚುವ ಮಕ್ಕಳಿಗೆ, ಮಕ್ಕಳಿಗಿಂತ ಮೊದಲು ಬಿಚ್ಚುವ ಅಪ್ಪಂದಿರಿಗೆ, ಆ ತಾರೀಕು ಹೇಳಿ.

ಬೇಡ ಅನ್ನುವುದು ಯಾರಿಗೆ? ರಾತ್ರಿ ಹೊತ್ತು ಡಾಕ್ಟರ ಹತ್ತಿರ ಓಡಬೇಕಾಗಬಹುದಾದ ವಯಸ್ಸಾದವರಿಗೆ ನಾನು ಹೇಳುವುದಿಲ್ಲ, ನಡುವೆ ಕೆರೆ ಇದೆ. ಮಾತ್ರೆ, ಟಾರ್ಚು, ಬೆಚ್ಚನೆಯ ಶಾಲು ಜೊತೆಗಿರಲಿ, ಎತ್ತರ ಮೂರು ಸಾವಿರ ಅಡಿಯ ಆಸುಪಾಸು. ಆಫೀಸಿನ ಕೆಲಸ ತಲೆ ಮೇಲೆ ಹೊತ್ತು ಬರುವ ಮಗ ಸೊಸೆಯರು ನೆಟ್‌ವರ್ಕ್ ನಂಬಿಕೊಂಡು ಬರಬೇಡಿ. ಬುಕಿಂಗನ್ನು ಕೆಟಿಡಿಸಿಯ ಜಾಲತಾಣದಲ್ಲೇ ಮಾಡಿ. ನಾನು ಮೊದಲು ವಿಚಾರಿಸಿದ ಮೈಸೂರಿನ ಒಬ್ಬ ಏಜೆಂಟು ಇದೇ ಹೆಸರು ಹೇಳಿ ಕುಮಳಿ ಪೇಟೆಯ ಬೇರೊಂದು ಲಾಡ್ಜಿನ ರೇಟು ಕೊಟ್ಟಿದ್ದ. ಅಲ್ಲಿಗೆ ದೋಣಿ ಎಷ್ಟು ಹೊತ್ತಿಗೆ ಅಂತ ಕೇಳಿದೆ, ಬಸ್‌ಸ್ಟ್ಯಾಂಡಿನಿಂದ ಐದೇ ನಿಮಿಷ ಸಾರ್ ಅಂದ.

ಯಾವಾಗ ಹೋಗಬೇಕು ಅನ್ನುವುದಕ್ಕೆ ಎಲ್ಲರೂ ತಿಂಗಳು ಹೇಳುತ್ತಾರೆ, ನಾನು ಅಡಿ ಹೇಳುತ್ತೇನೆ. ಮುಲ್ಲಪೆರಿಯಾರ್ ನೀರಿನ ಮಟ್ಟ ದಿನಾ ಪತ್ರಿಕೆಗಳಲ್ಲಿ ಬರುತ್ತದೆ, ಬುಕ್ ಮಾಡುವ ಮೊದಲು ನೋಡಿ. 142ರ ಹತ್ತಿರ ಇದ್ದರೆ ಕೆರೆ ತುಂಬಿ ಕಾಡಿನ ಬುಡಕ್ಕೆ ಮುಟ್ಟಿರುತ್ತದೆ, ನೋಟ ಭರ್ಜರಿ, ಮೆಟ್ಟಿಲು ಕಮ್ಮಿ, ಆದರೆ ಪ್ರಾಣಿಗೆ ದಡಕ್ಕೆ ಬರುವ ಜರೂರು ಇರುವುದಿಲ್ಲ. 120ಕ್ಕಿಂತ ಕೆಳಗೆ ಇಳಿದಿದ್ದರೆ, ಸಾಮಾನ್ಯವಾಗಿ ಮಾರ್ಚ್ ಮೇಲೆ, ದಡದಲ್ಲಿ ಹುಲ್ಲು ಬಂದಿರುತ್ತದೆ, ಆನೆ, ಕಾಟಿ ಎಲ್ಲಾ ಕೆಳಗೆ ಬರುತ್ತವೆ. ಬಿಸಿಲಿರುತ್ತದೆ, ಮೆಟ್ಟಿಲೂ ಜಾಸ್ತಿ. ನಾನಾದರೆ 115ಕ್ಕೆ ಹೋಗುತ್ತೇನೆ.